ಹಸಿದವರು ತೋಡಿದ ಕಾಲುವೆ

ಕೋರಮಂಡಲ ತೀರದ ಕಡಲು ನಾವಿಕರಿಗೆ ಸುಲಭವಾಗಿ ಒಲಿಯುವಂಥದಲ್ಲ. ಅಲ್ಲಿ ಸಹಜವಾದ ಬಂದರುಗಳು ವಿರಳ. ದಡಕ್ಕೆ ಅಪ್ಪಳಿಸುವ ಅಲೆಗಳು ಪ್ರಬಲ. ಆದರೆ ತೀರದ ಒಳಬದಿಯಲ್ಲಿ ಎಣ್ಣೂರು, ಪುಲಿಕಾಟ್ ಮೊದಲಾದ ಹಿನ್ನೀರಿನ ಹರವುಗಳಿವೆ. ಇವುಗಳನ್ನು ಒಂದಕ್ಕೊಂದು ಕೂಡಿಸಿದರೆ ದೋಣಿಗಳು ನಿರ್ಭಯವಾಗಿ ಸಾಗಬಹುದೆಂಬ ಆಲೋಚನೆಯ ಫಲವೇ ಬಕಿಂಗ್‌ಹ್ಯಾಮ್ ಕಾಲುವೆ.

1806ರ ವೇಳೆಗೆ ಬೇಸಿಲ್ ಕಾಕ್ರೇನ್ ಎಂಬಾತನು ಮದರಾಸಿನಿಂದ ಎಣ್ಣೂರಿನವರೆಗೆ ಜಲಮಾರ್ಗವನ್ನು ತೆರೆದನು. ಮುಂದೆ ಸರಕಾರವು ಅದನ್ನು ವಹಿಸಿಕೊಂಡು ಎರಡೂ ದಿಕ್ಕಿಗೆ ಬೆಳೆಸಿತು. ಪೆದ್ದಗಂಜಾಂನಿಂದ ಮರಕ್ಕಾಣದವರೆಗೆ ಅದರ ಉದ್ದ 400 ಕಿಲೋಮೀಟರಿಗೂ ಮಿಗಿಲು. ಉತ್ತರದ ಕಾಲುವೆಗಳು ಅದನ್ನು ಕೃಷ್ಣಾ-ಗೋದಾವರಿ ಬಯಲಿಗೆ ಬೆಸೆದುವು. ಅಕ್ಕಿ, ಉಪ್ಪು, ಸೌದೆಗಳನ್ನು ಹೊತ್ತ ದೋಣಿಗಳು ಮದರಾಸನ್ನು ಸೇರತೊಡಗಿದುವು.

ಆದರೆ ನಗರದೊಳಗೆ ಅಡ್ಯಾರ್ ಮತ್ತು ಕೂವಂ ನದಿಗಳ ನಡುವಣ ಸುಮಾರು 8 ಕಿಲೋಮೀಟರಿನ ತುಂಡನ್ನು ತೋಡಿದವರು 1876-78ರ ಮಹಾಕ್ಷಾಮದ ನಿರಾಶ್ರಿತರು. ಇದೇ ಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಮದರಾಸು ಪ್ರಾಂತದ ಕ್ಷಾಮ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಕಾಸು ಸಾಕೆಂದು ಗೊತ್ತುಮಾಡಿದನು. ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಆರೋಗ್ಯಾಧಿಕಾರಿ ಕಾರ್ನಿಷ್ ಪ್ರತಿಭಟಿಸಿದನು. ಕಾಲುವೆಗಾದರೋ ಅಂದಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರಾಯಿತು.

ರೈಲು, ಲಾರಿಗಳು ಬಂದಂತೆ ದೋಣಿಗಳು ಕಡಮೆಯಾದುವು. 1960 ಮತ್ತು 70ರ ದಶಕಗಳ ಚಂಡಮಾರುತಗಳು ದಂಡೆಗಳನ್ನು ಕೆಡವಿದುವು. ನಗರದ ಕೊಳಚೆ ಅದರೊಳಗೆ ಹರಿಯಿತು. ಮೇಲ್ಸೇತುವೆ ರೈಲಿನ ಕಂಬಗಳು ಅದರ ಒಡಲಲ್ಲೇ ಊರಿದುವು. ಹೀಗಿದ್ದರೂ 2004ರ ಸುನಾಮಿಯಂದು ನುಗ್ಗಿಬಂದ ನೀರನ್ನು ಹಲವೆಡೆ ತನ್ನೊಳಗೆ ತುಂಬಿಕೊಂಡು, ಹಿಂದಿನ ಊರುಗಳಿಗೆ ಬೀಳಬಹುದಾಗಿದ್ದ ಹೊಡೆತವನ್ನು ಅದು ತಗ್ಗಿಸಿತು.

2008ರಲ್ಲಿ ಇದನ್ನು 4ನೆಯ ರಾಷ್ಟ್ರೀಯ ಜಲಮಾರ್ಗದ ಭಾಗವೆಂದು ಘೋಷಿಸಲಾಯಿತು. ಘೋಷಣೆಯಿಂದ ಹೂಳು ತೆಗೆದಂತಾಗದು. ಅರೆಹೊಟ್ಟೆಯ ಕೂಲಿಗಳು ಮಂಕರಿಯಲ್ಲಿ ಹೊತ್ತು ಹಾಕಿದ ಮಣ್ಣಿನ ಜಾಗವನ್ನು ನಾವು ಕಸದಿಂದ ತುಂಬುತ್ತಿದ್ದೇವೆ. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ; ಅವರ ದುಡಿಮೆಯನ್ನಾದರೂ ಹೂತುಹೋಗಗೊಡದಿರುವುದು ನಮ್ಮ ಕೈಯಲ್ಲಿದೆ.