ಕೋವಿ ಹೊತ್ತವನ ಪೌರತ್ವ

(ಹುಂಚದಲ್ಲಿ ಸೇರಿದ್ದ ಪಕ್ಷದ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಪರದೇಶದಿಂದ ಬಂದು ನಮ್ಮಲ್ಲಿ ನೆಲಸಿ, ಇನ್ನೂ ಪೌರರಾಗದೆ ಇರುವ ಜನ ನಮ್ಮ ಸೈನ್ಯವನ್ನು ಸೇರಬಹುದೆ? ಸೇರಿದರೆ ಅವರಿಗೆ ಈ ದೇಶ ಏನನ್ನು ಕೊಡಬೇಕು? ಇದು ಈ ಹೊತ್ತು ನನಗೆ ಒಪ್ಪಿಸಿದ ವಿಷಯ. ಅಡಿಕೆಯ ಕೊಳೆರೋಗ ಬಿಟ್ಟು ಇವನು ಯಾವ ಊರಿನ ಸುದ್ದಿ ತೆಗೆದ ಎಂದು ಹಿಂದಿನ ಸಾಲಿನಲ್ಲಿ ಇಬ್ಬರು ನಗುತ್ತಿರುವುದು ನನಗೆ ಕಾಣುತ್ತಿದೆ. ನಗಲಿ. ಆದರೆ ನಾವು ಕುಳಿತಿರುವ ಈ ಊರನ್ನು ಕಟ್ಟಿದವನೇ ಹೊರಗಿನವನು ಎಂದು ಐತಿಹ್ಯ ಹೇಳುತ್ತದೆ. ಉತ್ತರದ ಮಧುರೆಯಿಂದ ಓಡಿಬಂದ ಜಿನದತ್ತರಾಯ, ಪದ್ಮಾವತಿ ಅಮ್ಮನವರ ಅನುಗ್ರಹದಿಂದ ಇಲ್ಲಿ ಸಾಂತರರ ರಾಜ್ಯವನ್ನು ಸ್ಥಾಪಿಸಿದ ಎಂಬ ಕಥೆಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ವಾಸದ ಸರ್ಟಿಫಿಕೇಟು ತಾ ಎಂದು ಅವನನ್ನು ಯಾವ ಶಾನುಭೋಗನೂ ಕೇಳಲಿಲ್ಲ. ಇತ್ತ ಕೆಳದಿಯ ಚೆನ್ನಮ್ಮಾಜಿ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ದಂಡನ್ನು ಎದುರಿಸಿದಳು. ಹಾಗಾಗಿ ವಲಸೆ ಬಂದವನ ವಿಚಾರ, ಅವನ ಕತ್ತಿಯ ವಿಚಾರ ಮಲೆನಾಡಿಗೆ ಹೊಸದಲ್ಲ.

ಮೊದಲು ಕಾನೂನು. 1950ರ ಸೈನ್ಯ ಕಾಯಿದೆಯ 11ನೆಯ ಕಲಮು ಏನು ಹೇಳುತ್ತದೆಂದರೆ, ಭಾರತದ ಪೌರನಲ್ಲದವನನ್ನು ಕೇಂದ್ರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸೈನ್ಯಕ್ಕೆ ಸೇರಿಸಕೂಡದು. ನೇಪಾಳದ ಪ್ರಜೆಗಳಿಗೆ ಮಾತ್ರ ಈ ತಡೆಯಿಲ್ಲ. ಅಂದರೆ ಬಾಗಿಲು ಮುಚ್ಚಿಲ್ಲ, ಅಗುಳಿ ದಿಲ್ಲಿಯ ಕೈಯಲ್ಲಿದೆ. ನೇಪಾಳದವರಿಗೆ ಏಕೆ ಈ ವಿನಾಯಿತಿ ಎಂದರೆ, 1947ರಲ್ಲಿ ಬ್ರಿಟನ್, ಭಾರತ, ನೇಪಾಳ ಮೂವರೂ ಸೇರಿ ಗೂರ್ಖಾ ದಳಗಳನ್ನು ಹಂಚಿಕೊಂಡರು. ಆರು ರೆಜಿಮೆಂಟು ನಮಗೆ, ನಾಲ್ಕು ಬ್ರಿಟನ್ನಿಗೆ. ಮನೆಯ ಪಾತ್ರೆ ಪಾಲು ಮಾಡಿದ ಹಾಗೆ ಮನುಷ್ಯರ ಪಾಲಾಯಿತು. 2022ರಲ್ಲಿ ಅಗ್ನಿಪಥ ಯೋಜನೆ ಬಂದು ಸಿಪಾಯಿಯ ನೌಕರಿ ನಾಲ್ಕು ವರ್ಷದ್ದಾದಾಗ ನೇಪಾಳ ಸರ್ಕಾರ ತನ್ನ ತರುಣರನ್ನು ಕಳಿಸುವುದನ್ನು ತಡೆಹಿಡಿಯಿತು. ಪರದೇಶದ ಸರ್ಕಾರವಾದರೂ ತನ್ನ ಹುಡುಗರ ಪೆನ್ಷನ್ನಿನ ಬಗ್ಗೆ ಯೋಚಿಸಿತಲ್ಲ ಎಂದು ನನಗನ್ನಿಸಿತು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಟಿಬೆಟಿನವರ ವಿಚಾರ. ಚಳಿಗಾಲದಲ್ಲಿ ಪೇಟೆಯ ಬೀದಿಯಲ್ಲಿ ಸ್ವೆಟರ್ ಮಾರುವ ಈ ಜನರನ್ನು ನೀವೆಲ್ಲ ನೋಡಿದ್ದೀರಿ. 1950ರಲ್ಲಿ ಚೀನಾ ಟಿಬೆಟಿನ ಮೇಲೆ ನುಗ್ಗಿದಾಗ, ಇದು ಎಳೆಗೂಸಿನ ಕೊಲೆ ಎಂಬ ಅರ್ಥದಲ್ಲಿ ಕೂಗಿ ಹೇಳಿದವರು ನಮ್ಮ ಡಾ. ಲೋಹಿಯಾ. ಮರುವರ್ಷ ಕಾಗೋಡಿನ ರೈತರಿಗಾಗಿ ಸಾಗರಕ್ಕೆ ಬಂದು ಸೆರೆಯಾದವರೂ ಅವರೇ. ಆಗ ದಿಲ್ಲಿ ಕೇಳಲಿಲ್ಲ. 1959ರಲ್ಲಿ ದಲಾಯಿ ಲಾಮಾ ಗಡಿ ದಾಟಿ ಬಂದರು. ಅವರ ಹಿಂದೆ ಸಾವಿರಾರು ಜನ. ನಮ್ಮ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುನೆಲ ಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ. ಮೈಸೂರು ಮಾಡಿದ ಈ ಕೆಲಸವನ್ನು ಮೆಚ್ಚಲೇಬೇಕು.

1962ರ ನವೆಂಬರದಲ್ಲಿ, ಚೀನಾದೊಡನೆ ಯುದ್ಧ ನಡೆಯುತ್ತಿರುವಾಗಲೇ, ಈ ನಿರಾಶ್ರಿತರಿಂದ ಒಂದು ಗುಟ್ಟಿನ ಪಡೆಯನ್ನು ಸರ್ಕಾರ ಕಟ್ಟಿತು. ವಿಶೇಷ ಗಡಿ ಪಡೆ ಎಂದು ಅದರ ಹೆಸರು. ಜನ ಅದನ್ನು ಇಪ್ಪತ್ತೆರಡು ಎಂದು ಕರೆಯುತ್ತಾರೆ, ಏಕೆಂದರೆ ಅದರ ಮೊದಲ ಮುಖ್ಯಸ್ಥ ಸುಜನ್ ಸಿಂಗ್ ಉಬಾನ್ ಹಿಂದೆ 22ನೆಯ ಪರ್ವತ ಫಿರಂಗಿ ದಳದಲ್ಲಿದ್ದವರು. ಉತ್ತರದ ಚಕ್ರಾತಾ ಬೆಟ್ಟದಲ್ಲಿ ಅದರ ನೆಲೆ. ಬೈಲಕುಪ್ಪೆ, ಮುಂಡಗೋಡಿನ ಮನೆಗಳಿಂದಲೂ ತರುಣರು ಅದಕ್ಕೆ ಹೋದರು. ಟಿಬೆಟನ್ನು ಬಿಡಿಸಲು ಎಂದು ಸೇರಿದ ಇವರನ್ನು 1971ರಲ್ಲಿ ಎಲ್ಲಿಗೆ ಕಳಿಸಿದರು ಗೊತ್ತೆ? ಪೂರ್ವ ಬಂಗಾಳದ ಚಿತ್ತಗಾಂಗ್ ಬೆಟ್ಟಗಳಿಗೆ. ಸುಮಾರು ಮೂರು ಸಾವಿರ ಜನ ಹೋದರು. ಐವತ್ತರಷ್ಟು ಮಂದಿ ಅಲ್ಲಿ ಸತ್ತರು. ತಮ್ಮದಲ್ಲದ ದೇಶದ ಪರವಾಗಿ, ಇನ್ನೊಂದು ಪರದೇಶದ ಬಿಡುಗಡೆಗಾಗಿ! ಪಡೆ ಗುಟ್ಟಿನದಾದ್ದರಿಂದ ಬೇರೆ ಸೈನಿಕರಿಗೆ ಸಿಕ್ಕಂತೆ ಬಹಿರಂಗ ಗೌರವ ಅವರಿಗೆ ಸಿಗಲಿಲ್ಲ. 2020ರ ಆಗಸ್ಟಿನಲ್ಲಿ ಲಡಾಖಿನ ಪಾಂಗಾಂಗ್ ಸರೋವರದ ಬಳಿ ನೈಮಾ ತೆಂಜಿನ್ ಎಂಬ ಈ ಪಡೆಯ ನಾಯಕ ನೆಲಬಾಂಬು ಸಿಡಿದು ತೀರಿಕೊಂಡರು. ಅವರ ಶವದ ಮೇಲೆ ಭಾರತದ ಬಾವುಟ, ಟಿಬೆಟಿನ ಬಾವುಟ ಎರಡನ್ನೂ ಹೊದಿಸಿದ್ದರು. ಐವತ್ತೆಂಟು ವರ್ಷದ ಗುಟ್ಟು ಅಂದು ಹೆಣದ ಮೇಲೆ ಬಯಲಾಯಿತು.

ಇನ್ನು ಅವರ ಪೌರತ್ವ. ಟಿಬೆಟಿನವರು ನಮ್ಮ ಸರ್ಕಾರದ ಲೆಕ್ಕದಲ್ಲಿ ವಿದೇಶೀಯರು. ಕೈಯಲ್ಲೊಂದು ನೋಂದಣಿ ಪತ್ರ, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಅಪ್ಪ ಗಡಿ ಕಾಯುತ್ತಾನೆ, ಮಗ ಪೊಲೀಸು ಕಚೇರಿಯಲ್ಲಿ ವಿದೇಶೀಯನೆಂದು ರುಜು ಹಾಕುತ್ತಾನೆ. 1955ರ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಪೌರ. ಟಿಬೆಟಿನವರ ಮಕ್ಕಳಿಗೆ ಅದು ಅನ್ವಯಿಸುತ್ತದೆಂದು ದಿಲ್ಲಿಯ ಹೈಕೋರ್ಟು 2010ರಲ್ಲಿ, ನಮ್ಮ ಕರ್ನಾಟಕದ ಹೈಕೋರ್ಟು 2013ರಲ್ಲಿ ಹೇಳಬೇಕಾಯಿತು. ಬರೆದಿಟ್ಟ ಕಾನೂನನ್ನು ಓದಿ ಹೇಳಲು ಕೋರ್ಟೇ ಬೇಕಾಯಿತು! 2017ರಲ್ಲಿ ಪಾಸ್‌ಪೋರ್ಟು ಕೊಡಲು ಒಪ್ಪಿದ ಸರ್ಕಾರ ಷರತ್ತು ಹಾಕಿತು: ನೋಂದಣಿ ಪತ್ರ ಒಪ್ಪಿಸಬೇಕು, ನಿರಾಶ್ರಿತರ ವಸತಿ ಬಿಡಬೇಕು, ಅಲ್ಲಿಯ ಸವಲತ್ತು ಬಿಡಬೇಕು. ಅಂದರೆ ಪೌರನಾಗುವೆಯಾ, ಮನೆ ಬಿಡು.

ಸೈನ್ಯದ ಅಧಿಕಾರಿಗಳ ಭರ್ತಿಯ ಪ್ರಕಟಣೆಗಳಲ್ಲಿ ಬಹುಕಾಲ ಒಂದು ವಾಕ್ಯ ಇತ್ತು: 1962ರ ಜನವರಿ 1ಕ್ಕೆ ಮೊದಲು ಕಾಯಂ ನೆಲಸುವ ಉದ್ದೇಶದಿಂದ ಭಾರತಕ್ಕೆ ಬಂದ ಟಿಬೆಟಿನ ನಿರಾಶ್ರಿತನೂ ಅರ್ಜಿ ಹಾಕಬಹುದು, ಸರ್ಕಾರದ ಅರ್ಹತಾ ಪತ್ರವಿದ್ದರೆ. ಮೇಷ್ಟರ ಕೆಲಸ ಬಿಟ್ಟರೂ ಲೆಕ್ಕ ಹಾಕುವ ಚಟ ಬಿಟ್ಟಿಲ್ಲ, ಆದ್ದರಿಂದ ಲೆಕ್ಕ ಹಾಕಿದೆ. ತಾಯಿಯ ಸೊಂಟದ ಮೇಲೆ 1961ರ ಡಿಸೆಂಬರದಲ್ಲಿ ಗಡಿ ದಾಟಿದ ಕೂಸಿಗೆ 1986ರ ಕೊನೆಗೆ ಇಪ್ಪತ್ತೈದು. ಅಧಿಕಾರಿಯ ಭರ್ತಿಗೆ ವಯಸ್ಸಿನ ಮಿತಿ ಆ ಸುತ್ತಮುತ್ತ. ಎಂದರೆ ಅಲ್ಲಿಂದ ಮುಂದೆ ದಶಕಗಳ ಕಾಲ ಆ ವಾಕ್ಯ ಒಬ್ಬನೇ ಒಬ್ಬ ಹುಡುಗನಿಗೂ ಉಪಯೋಗವಿಲ್ಲದೆ ಅಚ್ಚಾಗುತ್ತ ಹೋಯಿತು. ಗುಟ್ಟಿನ ಪಡೆಯಲ್ಲಿ ಸಿಪಾಯಿಯಾಗಲು ಅಡ್ಡಿಯಿಲ್ಲ, ಬಹಿರಂಗ ಸೈನ್ಯದಲ್ಲಿ ಅಧಿಕಾರಿಯಾಗಲು ಮಾತ್ರ ಇಂಥ ಬಾಗಿಲು.

ಇದು ಹಳೆಯ ಸಾಮ್ರಾಜ್ಯದ ರೀತಿ. 1918ರ ಸೆಪ್ಟೆಂಬರದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ ಕುದುರೆ ಸವಾರರು ಪ್ಯಾಲಸ್ತೀನಿನ ಹೈಫಾ ಪಟ್ಟಣಕ್ಕೆ ನುಗ್ಗಿ ಅದನ್ನು ಗೆಲ್ಲಲು ನೆರವಾದರು. ಗೆದ್ದದ್ದು ಬ್ರಿಟನ್ನು. ಆ ಸವಾರನಿಗೆ ಬ್ರಿಟನ್ನಿನಲ್ಲಿ ಮತವಿಲ್ಲ, ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವೂ ಇಲ್ಲ. ಸ್ವತಂತ್ರ ಭಾರತ ಇನ್ನೊಬ್ಬರ ಮಕ್ಕಳ ಮೇಲೆ ಅದನ್ನೇ ಮಾಡಬಹುದೆ? ಅಮೆರಿಕವನ್ನು ನಾನು ಹೊಗಳುವವನಲ್ಲ. ಅಲ್ಲಿ ಕಾಯಂ ವಾಸದ ಹಸಿರು ಕಾರ್ಡಿನವನು ಸಿಪಾಯಿಯಾಗಬಹುದು, ಸೇವೆಯ ಮೂಲಕ ಪೌರತ್ವಕ್ಕೆ ಹತ್ತಿರದ ದಾರಿ ಕಾನೂನಿನಲ್ಲೇ ಇದೆ. ಹಾಗಿದ್ದೂ ಅರ್ಜಿ ಹಾಕದೆ ಉಳಿದ ಕೆಲವು ಮಾಜಿ ಸೈನಿಕರನ್ನು ಯಾವುದೋ ಅಪರಾಧದ ಮೇಲೆ ದೇಶದಿಂದಲೇ ಹೊರಹಾಕಿದ್ದೂ ಉಂಟು. ಕೇಳಿದವನಿಗೆ ಕೊಡುತ್ತೇವೆ ಎಂಬ ಕಾನೂನು ಸಾಲದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಬೆಳಗ್ಗೆ ಒಬ್ಬ ಗೆಳೆಯರು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ‘ಶರಾವತಿಯಲ್ಲಿ ಮುಳುಗಿದ ನಮ್ಮವರಿಗೇ ನೆಲದ ಹಕ್ಕುಪತ್ರವಿಲ್ಲ, ಟಿಬೆಟಿನವನ ಚಿಂತೆ ನಮಗೇಕೆ?’ ಎಂದರು. ಲಿಂಗನಮಕ್ಕಿ ಕಟ್ಟಿ ಮುಗಿದದ್ದು 1964ರಲ್ಲಿ. ಅರವತ್ತು ವರ್ಷ ಕಳೆದ ಮೇಲೂ ಕಾಗದಕ್ಕಾಗಿ ಅಲೆಯುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿವೆ. ನಾನು ಕೇಳುವುದಿಷ್ಟೆ: ಅವರಿಗೂ ಇವರಿಗೂ ಸರ್ಕಾರ ಹೇಳುವ ಮಾತು ಬೇರೆಯೆ? ಇರು, ದುಡಿ, ಆದರೆ ಇದು ನಿನ್ನದೆಂದು ಹೇಳಬೇಡ. ಕಾಗೋಡಿನ ಒಕ್ಕಲಿಗೂ ಇದನ್ನೇ ಹೇಳಿದ್ದರು. ಉತ್ತವನು ಬೇರೆ, ಒಡೆಯ ಬೇರೆ. ಕಾದವನು ಬೇರೆ, ಪೌರ ಬೇರೆ. ಒಂದನ್ನು ಒಪ್ಪಿದರೆ ಇನ್ನೊಂದನ್ನು ವಿರೋಧಿಸುವ ಬಾಯಿ ನಮಗಿರುವುದಿಲ್ಲ.

ಇನ್ನೊಂದು ಮಾತು. ಪೌರತ್ವ ಬೇಡವೆನ್ನುವ ಟಿಬೆಟಿನವರೂ ಇದ್ದಾರೆ. ಭಾರತದವರಾಗಿಬಿಟ್ಟರೆ ಊರಿಗೆ ಹಿಂದಿರುಗುವ ಹಕ್ಕಿನ ದನಿ ಕುಗ್ಗುತ್ತದೆ ಎಂಬುದು ಅವರ ಭಯ. ಅದು ಅವರ ಆಯ್ಕೆ, ಹೇರುವುದು ಬೇಡ. ಹಾಗೆಯೇ ಕೋವಿ ಹಿಡಿದರೆ ಮಾತ್ರ ಪೌರತ್ವ ಎಂಬ ವ್ಯಾಪಾರವೂ ಬೇಡ. ಹಾಗೆ ಮಾಡಿದರೆ ಬಡವನ ಮಗನೇ ಮುಂದೆ ನಿಲ್ಲಬೇಕಾಗುತ್ತದೆ, ಹಣವಂತ ಬೇರೆ ದಾರಿ ಹುಡುಕುತ್ತಾನೆ. ಹೊಲ ಉತ್ತವಳು, ಸ್ವೆಟರ್ ಹೆಣೆದವಳು ಸಿಪಾಯಿಗಿಂತ ಕಡಿಮೆಯವಳಲ್ಲ.

ಮಧ್ಯಾಹ್ನ ಮಂಡಿಸುವ ಠರಾವಿನ ಕರಡಿನಲ್ಲಿ ಮೂರು ಅಂಶ ಬರೆದಿದ್ದೇನೆ. ಪೌರನಲ್ಲದವನನ್ನು ಯಾವುದೇ ಪಡೆಗೆ ಸೇರಿಸಿಕೊಳ್ಳುವ ದಿನವೇ ಅವನು ಬಯಸಿದಲ್ಲಿ ಪೌರತ್ವ ಕೊಡತಕ್ಕದ್ದು; ಅದಕ್ಕಾಗಿ ಮನೆ, ವಸತಿ ಬಿಡಿಸತಕ್ಕದ್ದಲ್ಲ; ವೇತನ, ಪೆನ್ಷನ್, ಬಡ್ತಿ, ಗೌರವಗಳಲ್ಲಿ ಬೇರೆ ಸೈನಿಕರಿಗೂ ಅವನಿಗೂ ಭೇದ ಇರತಕ್ಕದ್ದಲ್ಲ. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಠರಾವು ಇದರ ಹಿಂದೆಯೇ ಬರುತ್ತದೆ. ತಿದ್ದುಪಡಿ ಇರುವವರು ಊಟಕ್ಕೆ ಮೊದಲು ಚೀಟಿಯಲ್ಲಿ ಬರೆದು ಅಧ್ಯಕ್ಷರ ಕೈಗೆ ಕೊಡಬೇಕು.