ಸಂಶೋಧನೆಯೂ ಒಂದು ಉದ್ಯೋಗ



ತುಂಗಭದ್ರೆಯ ದಂಡೆಯಲ್ಲಿರುವ ಹಲವಾಗಲಿನಂಥ ಊರಿನಲ್ಲಿ ಮಗಳೊಬ್ಬಳು ಎಂಜಿನಿಯರಾದರೆ, ಮನೆಯವರ ಕಣ್ಣಿಗೆ ಎರಡೇ ದಾರಿ ಕಾಣುತ್ತವೆ: ಲೋಕೋಪಯೋಗಿ ಇಲಾಖೆ, ಇಲ್ಲವೇ ಬೆಂಗಳೂರಿನ ಕಂಪನಿ. ಆಕೆ "ಸಂಶೋಧನೆಗೆ ಸೇರುತ್ತೇನೆ" ಎಂದಳೆನ್ನಿ. "ಇನ್ನೂ ಐದು ವರ್ಷ ಓದೇ? ಸಂಬಳ ಯಾವಾಗ?" ಎಂದು ತಂದೆ ಕೇಳಿಯೇ ಕೇಳುತ್ತಾರೆ. ಸಾಲಮಾಡಿ ಓದಿಸಿದವರ ಈ ಪ್ರಶ್ನೆಯನ್ನು ಹಗುರವೆಂದು ತಳ್ಳಲಾಗದು.

ಈ ಮಾತು ತಮ್ಮ ಮನೆಗೆ ಬರುತ್ತಿರುವುದು ರೇಡಿಯೋ ಅಲೆಗಳ ಮೇಲೆ. ಅದರ ಬಂಧುಗಳೇ ಆದ ಮೈಕ್ರೋವೇವ್ ಅಲೆಗಳನ್ನು ಬಾಳೆಲ್ಲ ಅಭ್ಯಸಿಸಿದವರು ರಾಜೇಶ್ವರಿ ಚಟರ್ಜಿ. ಅವರು ಹುಟ್ಟಿದ್ದು 1922ರಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾದರು. ಮುಂದೆ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಒಂಟಿಯಾಗಿ ಹಡಗು ಹತ್ತುವುದೆಂದರೆ ಏನೆಂದು ತಾವೇ ಊಹಿಸಿಕೊಳ್ಳಬಹುದು! 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಪ್ರಯೋಗಾಲಯವನ್ನು ಕಟ್ಟಿದರು, ವಿಭಾಗದ ಮುಖ್ಯಸ್ಥೆಯೂ ಆದರು. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಒಂದು ಉದ್ಯೋಗದ ಫಲವನ್ನು ಹೀಗೂ ಎಣಿಸಬಹುದಲ್ಲವೇ?

ಇನ್ನು ಹಣದ ಮಾತು. ಎಂಜಿನಿಯರಿಂಗ್ ಪದವೀಧರರಿಗೆ ಗೇಟ್ ಎಂಬ ಪರೀಕ್ಷೆಯುಂಟು. ಅದರಲ್ಲಿ ಒಳ್ಳೆಯ ಅಂಕ ಬಂದು, ಸಂದರ್ಶನದಲ್ಲಿ ಗೆದ್ದರೆ, ಬಿ.ಟೆಕ್. ಆದವರೂ ನೇರವಾಗಿ ಸಂಶೋಧನೆಗೆ ಸೇರಬಹುದು. ಕೇಂದ್ರ ಸರ್ಕಾರದ ಕಿರಿಯ ಸಂಶೋಧಕರ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಕಳೆದು ಹಿರಿಯರಾದರೆ 42,000. ಸಾಲದ ಕಂತು ಕಟ್ಟಲು ಇದು ಸಾಕಾಗದೆ ಹೋಗಬಹುದು, ಆದರೆ ಮನೆಯಿಂದ ತರಿಸಿಕೊಳ್ಳುವ ಅಗತ್ಯವಂತೂ ಇರದು.

ಕಷ್ಟ ಬೇರೆಯೇ ಇದೆ. ಆರು ತಿಂಗಳ ಪ್ರಯೋಗ ಒಂದು ಸಂಜೆ ಸುಳ್ಳಾಗಬಹುದು. ಡಾಕ್ಟರೇಟ್ ಆದವರಿಗೆಲ್ಲ ಪ್ರಾಧ್ಯಾಪಕರ ಹುದ್ದೆ ಕಾದಿರುವುದೂ ಇಲ್ಲ. ತಾಳ್ಮೆಯಿಲ್ಲದವರು ಈ ಕಡೆ ಬಾರದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಾಗೆಂದು ಸಂಶೋಧನೆಯೆಲ್ಲ ಆಕಾಶದಲ್ಲಿಯೇ ನಡೆಯುವುದೆಂದು ಭಾವಿಸಬೇಡಿ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಅದೇ ಸಂಸ್ಥೆಯಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ತೆರೆದರು. ಅಲ್ಲಿನವರು ನಮ್ಮ ತಾಯಂದಿರ ಒಲೆಯನ್ನೇ ಪ್ರಯೋಗಕ್ಕೆ ತೆಗೆದುಕೊಂಡರು. ಗಾಳಿ ಎಲ್ಲಿಂದ ಬರಬೇಕು, ಉರಿ ಪಾತ್ರೆಗೆ ಎಷ್ಟು ತಾಗಬೇಕು, ಹೊಗೆ ಎಲ್ಲಿ ಹೋಗಬೇಕು ಎಂದು ಅಳೆದು ಅಳೆದು, ಕಡಿಮೆ ಸೌದೆಯ, ಹೊಗೆಕೊಳವೆಯ ಅಸ್ತ್ರ ಒಲೆಯನ್ನು ಮಾಡಿದರು. ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಹಿಡಿದು ಕೂತವರನ್ನು ಕಂಡು ಬೆಳೆದ ಹುಡುಗಿಗೆ ಇಂಥ ಪ್ರಶ್ನೆ ಬೇಗ ಹೊಳೆದೀತು.

ಸೇರುವ ಮೊದಲು ತಂದೆಯೂ ಮಗಳೂ ಒಂದು ದಿನ ಆ ಪ್ರಯೋಗಾಲಯಕ್ಕೆ ಹೋಗಿಬರಲಿ. ಗುರುಗಳ ಹೆಸರನ್ನಷ್ಟೇ ವಿಚಾರಿಸಿದರೆ ಸಾಲದು. ಅವರ ಹಳೆಯ ವಿದ್ಯಾರ್ಥಿಗಳಿಗೆ ಎಷ್ಟು ವರ್ಷ ಹಿಡಿಯಿತು, ಈಗ ಅವರು ಎಲ್ಲಿದ್ದಾರೆ ಎಂಬುದನ್ನು ಅಲ್ಲಿನ ಹಿರಿಯ ಸಂಶೋಧಕರನ್ನೇ ಕೇಳಲಿ.