ಆ ಹಾಳೆಯಲ್ಲಿ ಯಾರ ಹೆಸರಿದೆ? ಅನಧಿಕೃತ ನಿರ್ಮಾಣದ ನೋಟಿಸು ಓದುವ ಬಗೆ

ಹಿಂದಿನ ಸಾಲಿಗೂ ಕೇಳಿಸ್ತಿದೆ ಅಲ್ವಾ? ಸರಿ, ಶುರು ಮಾಡ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಎಂಟೆಕ್ ಮಾಡಿಕೊಂಡು ದಾವಣಗೆರೆ ಕಡೆಯಿಂದ ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು, ಸಾಫ್ಟ್‌ವೇರ್ ಕೆಲಸ. ಆದರೆ ಎರಡು ವರ್ಷದಿಂದ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿದ್ದೀನಿ. ಕಮಿಟಿಗೆ ಸೇರಿದವರಿಗೆ ಗೊತ್ತು, ಅಲ್ಲಿ ಅರ್ಧ ಜಗಳ ನೀರಿನ ಟ್ಯಾಂಕರ್‌ದು, ಇನ್ನರ್ಧ ಪಾರ್ಕಿಂಗ್‌ದು. 2025ರ ಆರಂಭದಲ್ಲಿ ಮೂರನೇದೊಂದು ಬಂತು. ಗೇಟಿನ ಪಕ್ಕದ ಗೋಡೆಗೆ ಅಂಟಿಸಿದ್ದ ಮರಾಠಿ ನೋಟಿಸು. ವಿಷಯ: ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಅನಧಿಕೃತ ನಿರ್ಮಾಣ.

ನಾವು ಊರು ಬಿಟ್ಟು ಬಂದು, ಸಾಲ ಮಾಡಿ, ಪರಭಾಷೆಯ ಕಾಗದಪತ್ರಕ್ಕೆ ಸಹಿ ಹಾಕಿ ಫ್ಲ್ಯಾಟ್ ತಗೊಂಡವರು. ಇಂಥ ನೋಟಿಸು ಬಂದಾಗ ನಮ್ಮ ಜನ ಎರಡೇ ಥರ ವರ್ತಿಸೋದನ್ನ ನೋಡಿದ್ದೀನಿ. ಒಂದು, ಮನೆ ಹೋಯ್ತು ಅಂತ ಗಾಬರಿ. ಇನ್ನೊಂದು, ಯಾರೋ ನಗರಸೇವಕರ ಪರಿಚಯ ಇದೆ, ಫೋನ್ ಮಾಡಿದರೆ ಮುಗೀತು ಅನ್ನೋದು. ಎರಡೂ ಕಡೆಯವರು ಆ ಹಾಳೆಯನ್ನ ಪೂರ್ತಿ ಓದಿರೋದಿಲ್ಲ. ಇವತ್ತು ಅದನ್ನ ಓದೋದು ಹೇಗೆ ಅಂತ ಹೇಳ್ತೀನಿ.

ಮೊದಲು ನೋಡಬೇಕಾದ್ದು, ಯಾವ ಕಾಯ್ದೆಯ ಯಾವ ಕಲಮು. ಮಹಾರಾಷ್ಟ್ರದಲ್ಲಿ ಮುಖ್ಯವಾದದ್ದು 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, ಎಲ್ಲರೂ ಎಂಆರ್‌ಟಿಪಿ ಅಂತಾರೆ. ಅದರ 53ನೇ ಕಲಮಿನಲ್ಲಿ ಎರಡು ದಾರಿ ಇದೆ. ಅನುಮತಿಯೇ ಇಲ್ಲದೆ ಕಟ್ಟಿದ್ದರೆ ಅಧಿಕಾರಿ 24 ಗಂಟೆಯ ನೋಟಿಸು ಕೊಡಬಹುದು. ಅನುಮತಿ ಇದ್ದು, ಅದಕ್ಕೆ ಹೊರತಾಗಿ ಕಟ್ಟಿದ್ದರೆ ಕನಿಷ್ಠ ಒಂದು ತಿಂಗಳು. ಅಂದ್ರೆ ಅಧಿಕಾರಿ ನಿಮ್ಮನ್ನ ಯಾವ ಗುಂಪಿಗೆ ಹಾಕಿದ್ದಾರೆ ಅನ್ನೋದರ ಮೇಲೆ ನಿಮ್ಮ ಕೈಗೆ ಸಿಗೋ ಸಮಯ ಒಂದು ದಿನವೋ ಒಂದು ತಿಂಗಳೋ ಅಂತ ತೀರ್ಮಾನ ಆಗುತ್ತೆ. ಆ ಕಲಮಿನ ನಂಬರು ಸಾಮಾನ್ಯವಾಗಿ ನೋಟಿಸಿನ ಮೇಲ್ಭಾಗದಲ್ಲೇ ಇರುತ್ತೆ. ನಾವು ಅದನ್ನ ಬಿಟ್ಟು ಕೆಳಗಿನ ಸೀಲು ನೋಡಿ ಹೆದರ್ತೀವಿ.

ಈ 24 ಗಂಟೆಯ ಮಾತು ಕಾಗದದಲ್ಲಿ ಈಗಲೂ ಇದೆ. ಆದರೆ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ, ಇಡೀ ದೇಶಕ್ಕೆ ಅನ್ವಯಿಸೋ ತೀರ್ಪು ಕೊಟ್ಟಿತು. ಪತ್ರಿಕೆಗಳು ಬುಲ್ಡೋಜರ್ ತೀರ್ಪು ಅಂತ ಕರೆದವು. ಆರೋಪಿಗಳ ಮನೆಗಳನ್ನ ರಾತ್ರೋರಾತ್ರಿ ಕೆಡವುತ್ತಿದ್ದ ಪದ್ಧತಿಯ ವಿರುದ್ಧ ಬಂದ ಅರ್ಜಿಗಳವು. ಆದರೆ ಅದರಲ್ಲಿ ಹಾಕಿಕೊಟ್ಟ ಕ್ರಮ ನಮ್ಮಂಥ ಸೊಸೈಟಿಗಳಿಗೂ ಸೇರಿದ್ದು. ಕಾರಣ ಕೇಳುವ ನೋಟಿಸು ಕೊಡದೆ ಕೆಡವುವಂತಿಲ್ಲ. ಉತ್ತರಿಸೋಕೆ ಸ್ಥಳೀಯ ಕಾಯ್ದೆ ಕೊಟ್ಟ ಅವಧಿ ಅಥವಾ 15 ದಿನ, ಯಾವುದು ತಡವೋ ಅದು. ನೋಟಿಸನ್ನ ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ನೋಟಿಸಿನಲ್ಲಿ ಯಾವ ಉಲ್ಲಂಘನೆ, ಯಾವ ದಾಖಲೆ ತರಬೇಕು, ವಿಚಾರಣೆ ಯಾವತ್ತು, ಯಾರ ಮುಂದೆ ಅಂತ ಇರಬೇಕು. ಅಂತಿಮ ಆದೇಶ ಬಂದ ಮೇಲೂ 15 ದಿನ ಬಿಡಬೇಕು, ನೀವೇ ತೆಗೆಯೋಕೆ ಅಥವಾ ಮೇಲ್ಮನವಿ ಹಾಕೋಕೆ. ಕೆಡವೋದನ್ನ ವಿಡಿಯೋ ಮಾಡಬೇಕು.

ಇದರಲ್ಲಿ ನನಗೆ ತುಂಬಾ ಇಷ್ಟ ಆದ ಸಾಲು ಬೇರೆ. ನೋಟಿಸು ಜಾರಿಯಾದ ತಕ್ಷಣ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು, ಅಲ್ಲಿಂದ ತಾನಾಗೇ ಒಂದು ಸ್ವೀಕೃತಿ ಉತ್ತರ ಬರಬೇಕು. ಯಾಕೆ ಗೊತ್ತಾ? ಹಳೇ ದಿನಾಂಕ ಹಾಕಿ ನೋಟಿಸು ತಯಾರಿಸೋದನ್ನ ತಡೆಯೋಕೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ನ್ಯಾಯಮೂರ್ತಿಗಳು ಕೇಳಿದ್ದು ಟೈಮ್‌ಸ್ಟ್ಯಾಂಪು, ಯಾರೂ ತಿದ್ದೋಕಾಗದ ಲಾಗು. ನಾನು ದಿನಾ ಆಫೀಸಿನಲ್ಲಿ ಬರೆಯೋದು ಅದನ್ನೇ, ಹಾಗಾಗಿ ಓದಿ ಒಬ್ಬನೇ ನಕ್ಕಿದ್ದೆ.

ಆದರೆ ಇಲ್ಲಿ ಒಂದು ಎಚ್ಚರ. ಈ ತೀರ್ಪನ್ನ ಕಾನೂನುಬಾಹಿರ ಗೋಡೆಗೆ ರಕ್ಷಣೆ ಅಂತ ವಾಟ್ಸಾಪಿನಲ್ಲಿ ಹಂಚುವವರಿದ್ದಾರೆ. ಅಲ್ಲ. ರಸ್ತೆ, ಫುಟ್‌ಪಾತು, ರೈಲ್ವೆ ಹಳಿಯ ಪಕ್ಕ, ನದಿ, ಕೆರೆ, ಇಂಥ ಕಡೆ ಕಟ್ಟಿದ್ದಕ್ಕೆ ಇದು ಅನ್ವಯಿಸೋದಿಲ್ಲ ಅಂತ ತೀರ್ಪಿನಲ್ಲೇ ಇದೆ. ಕೋರ್ಟೇ ಕೆಡವಲು ಆದೇಶಿಸಿದ್ದರೂ ಅನ್ವಯಿಸೋದಿಲ್ಲ. 2025ರ ಮೇನಲ್ಲಿ ಇಲ್ಲೇ ಚಿಖಲಿಯಲ್ಲಿ ಇಂದ್ರಾಯಣಿ ನದಿಯ ನೀಲಿ ರೇಖೆಯೊಳಗಿದ್ದ 36 ಬಂಗಲೆಗಳು ಹೋದವು. ಹಸಿರು ನ್ಯಾಯಮಂಡಳಿಯ ಆದೇಶ, ಸುಪ್ರೀಂ ಕೋರ್ಟೂ ಬದಲಿಸಲಿಲ್ಲ. ಅಲ್ಲಿ ದುಡ್ಡು ಹಾಕಿದ್ದವರೂ ನಮ್ಮ ನಿಮ್ಮಂಥ ಸಂಬಳದವರೇ. ಹೈದರಾಬಾದಿನವರಿಗೆ ಹೈಡ್ರಾ ಗೊತ್ತೇ ಇದೆ. ಕೆರೆಯ ಪೂರ್ಣ ಮಟ್ಟದ ಗಡಿಯೊಳಗೆ ಇದ್ದರೆ ನಿಮ್ಮ ಬಳಿ ರಿಜಿಸ್ಟ್ರೇಷನ್ ಪತ್ರ ಇದ್ದರೂ ಗೋಡೆ ಉಳಿಯೋದು ಕಷ್ಟ. ಅದೇ ಹೊತ್ತಿಗೆ, 2024ರ ಸೆಪ್ಟೆಂಬರಿನಲ್ಲಿ ಅಮೀನ್‌ಪುರದಲ್ಲಿ ಭಾನುವಾರ ಕೆಡವಿದ್ದಕ್ಕೆ ತೆಲಂಗಾಣ ಹೈಕೋರ್ಟು ಅಧಿಕಾರಿಗಳನ್ನ ಕರೆಸಿ ಕೇಳಿತು, ರಜಾ ದಿನ ಯಾಕೆ ಅಂತ. ಭಾನುವಾರ ಅಂದ್ರೆ ಕೋರ್ಟಿನ ಬಾಗಿಲು ಮುಚ್ಚಿರೋ ದಿನ. ಗೋಡೆ ತಪ್ಪಿರಬಹುದು, ಕೆಡವಿದ ರೀತಿಯೂ ತಪ್ಪಿರಬಹುದು. ಒಂದು ಇನ್ನೊಂದನ್ನ ಅಳಿಸೋದಿಲ್ಲ.

ಈಗ ನಮ್ಮ ನೋಟಿಸಿಗೆ ಬರ್ತೀನಿ. ಸ್ಟಿಲ್ಟಿನಲ್ಲಿ ಎರಡು ಕೋಣೆಗಳಿದ್ದವು. ಒಂದು ಸೊಸೈಟಿ ಆಫೀಸು. ಇನ್ನೊಂದರಲ್ಲಿ ವಾಚ್‌ಮನ್ ಕಾಕಾ, ಅವರ ಹೆಂಡತಿ, ಇಬ್ಬರು ಮಕ್ಕಳು. ಇಂಡಿ ತಾಲೂಕಿನವರು. ಎರಡೂ ಕೋಣೆಗಳನ್ನ ಬಿಲ್ಡರೇ ಕಟ್ಟಿಸಿ ಹೋಗಿದ್ದ. ನೋಟಿಸಿನಲ್ಲಿ ಎರಡನ್ನೂ ಒಟ್ಟಿಗೆ ಅನಧಿಕೃತ ಅಂತ ಬರೆದಿದ್ದರು.

ಕಮಿಟಿ ಸಭೆಯಲ್ಲಿ ಎಂದಿನಂತೆ ಗದ್ದಲ. ನಾನು ಕೇಳಿದ್ದು ಒಂದೇ, ಮಂಜೂರಾದ ನಕ್ಷೆ ಎಲ್ಲಿದೆ? ಯಾರ ಹತ್ತಿರವೂ ಇರಲಿಲ್ಲ. ಅರವತ್ತೆಂಟು ಫ್ಲ್ಯಾಟು, ಎಲ್ಲರ ಕಪಾಟಿನಲ್ಲೂ ಬಣ್ಣದ ಬ್ರೋಷರ್ ಇದೆ, ನಕ್ಷೆ ಮಾತ್ರ ಇಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ವಿ, ಜೊತೆಗೆ ಪಾಲಿಕೆಗೆ ಹೋಗಿ ಫೈಲು ನೋಡೋಕೆ ಅವಕಾಶ ಕೇಳಿದ್ವಿ. ನಕ್ಷೆ ಸಿಕ್ಕಿತು. ಅದರಲ್ಲಿ ಸೊಸೈಟಿ ಆಫೀಸು ಅಂತ ಒಂದು ಚೌಕ ಸ್ಪಷ್ಟವಾಗಿ ಗುರುತಾಗಿದೆ. ಪಕ್ಕದ ಕೋಣೆ ಇರೋ ಜಾಗದಲ್ಲಿ ಎರಡು ಕಾರುಗಳ ಗೆರೆ.

ಅಲ್ಲಿಗೆ ಪ್ರಶ್ನೆ ಸಣ್ಣದಾಯ್ತು. ಮೊದಲ ಕೋಣೆ ಉಳಿಯುತ್ತೆ, ನಕ್ಷೆ ಲಗತ್ತಿಸಿದರೆ ಸಾಕು. ಎರಡನೇದಕ್ಕೆ 53ನೇ ಕಲಮಿನಲ್ಲೇ ಒಂದು ದಾರಿ ಇದೆ. ನೋಟಿಸಿನ ಅವಧಿಯೊಳಗೆ, ಈ ನಿರ್ಮಾಣ ಉಳಿಸಿಕೊಳ್ಳೋಕೆ ಅನುಮತಿ ಕೊಡಿ ಅಂತ 44ನೇ ಕಲಮಿನಡಿ ಅರ್ಜಿ ಹಾಕಬಹುದು. ಆ ಅರ್ಜಿ ಇತ್ಯರ್ಥ ಆಗೋವರೆಗೆ ಬರೀ ನೋಟಿಸಿನ ಬಲದಿಂದ ಕೆಡವೋಕಾಗೋದಿಲ್ಲ. ಎಷ್ಟೋ ಜನ ಇದನ್ನ ಗೆಲ್ಲೋಕಲ್ಲ, ಕಾಲ ತಳ್ಳೋಕೆ ಬಳಸ್ತಾರೆ. ನಮ್ಮಲ್ಲೂ ಒಬ್ಬರು, ಹಾಕಿಬಿಡೋಣ, ಮೂರು ವರ್ಷ ಎಳೆಯುತ್ತೆ ಅಂದ್ರು. ಆದರೆ ನಮ್ಮ ಆರ್ಕಿಟೆಕ್ಟ್ ಲೆಕ್ಕ ಹಾಕಿ ಹೇಳಿದ್ರು, ಆ ಎರಡು ಜಾಗ ಹೋದರೆ ಕಟ್ಟಡಕ್ಕೆ ನಿಯಮದ ಪ್ರಕಾರ ಬೇಕಾದ ಪಾರ್ಕಿಂಗ್ ಸಂಖ್ಯೆಯೇ ಕಮ್ಮಿ ಬೀಳುತ್ತೆ, ಸಕ್ರಮ ಆಗೋ ಸಾಧ್ಯತೆ ಇಲ್ಲ. ಗೆಲ್ಲೋದಿಲ್ಲ ಅಂತ ಗೊತ್ತಿರೋ ಅರ್ಜಿಗೆ ನಾನು ಸಹಿ ಹಾಕೋದಿಲ್ಲ ಅಂದೆ. ಇದಕ್ಕೆ ಇವತ್ತಿಗೂ ಇಬ್ಬರು ನನ್ನ ಜೊತೆ ಲಿಫ್ಟಿನಲ್ಲಿ ಮಾತಾಡೋದಿಲ್ಲ, ಇರಲಿ.

ಆ ರಾತ್ರಿ ಸಭೆ ಮುಗಿಸಿ ಕೆಳಗೆ ಬಂದಾಗ ಕಾಕಾ ಕಾಯ್ತಾ ನಿಂತಿದ್ರು. ಅವರ ಮಗಳು ಇಲ್ಲೇ ಮರಾಠಿ ಶಾಲೆಯಲ್ಲಿ ಹತ್ತನೇ ಕ್ಲಾಸು. ನಾವು ಗೂಗಲ್ ಟ್ರಾನ್ಸ್‌ಲೇಟ್ ಹಿಡಿದು ಒದ್ದಾಡೋ ಮೊದಲೇ ಅವಳು ಗೋಡೆಯ ಮುಂದೆ ನಿಂತು ನೋಟಿಸನ್ನ ಪೂರ್ತಿ ಓದಿದ್ದಳು.

“ಸಾಹೇಬ್ರ, ಆ ಹಾಳ್ಯಾಗ ನಮ್ಮ ಹೆಸರ ಎಲ್ಲೂ ಇಲ್ಲಂತ ಮಗಳ ಓದಿ ಹೇಳಿದ್ಲರಿ. ಹಂಗಾರ ಬೀಳೂದು ಯಾರ ಮನಿರೀ?” ಅಂದ್ರು.

ನನಗೆ ಉತ್ತರ ಹೊಳೆಯಲಿಲ್ಲ. ನೋಟಿಸು ಸೊಸೈಟಿಯ ಅಧ್ಯಕ್ಷ, ಕಾರ್ಯದರ್ಶಿ ಹೆಸರಿಗೆ ಬಂದಿತ್ತು. ಕಾಯ್ದೆ ಓದಿದರೆ ಮಾಲೀಕ, ಡೆವಲಪರ್ ಜೊತೆಗೆ ಅಲ್ಲಿ ವಾಸವಿರುವವನು ಅನ್ನೋ ಪದವೂ ಇದೆ. ಕಾಯ್ದೆಗೆ ಕಾಕಾ ಗೊತ್ತು. ಫೈಲಿಗೆ ಗೊತ್ತಿಲ್ಲ. ಪಂಚನಾಮೆಯಲ್ಲಿ ಕೋಣೆಯ ಉದ್ದ, ಅಗಲ, ಇಟ್ಟಿಗೆ, ಪತ್ರಾ ಶೀಟು ಎಲ್ಲಾ ಬರೆದಿದ್ದರು. ಒಳಗೆ ನಾಲ್ಕು ಜನ ಮಲಗ್ತಾರೆ ಅಂತ ಬರೆದಿರಲಿಲ್ಲ.

ಹಾಗಾಗಿ ನಮ್ಮ ಉತ್ತರದಲ್ಲಿ ಮೂರು ವಿಷಯ ಬರೆದ್ವಿ. ಆಫೀಸು ಕೋಣೆ ನಕ್ಷೆಯಲ್ಲಿದೆ, ಪ್ರತಿ ಲಗತ್ತಿಸಿದೆ. ಪಕ್ಕದ ಕೋಣೆಯನ್ನ ನಾವೇ ತೆಗೆಯುತ್ತೇವೆ. ಅದರಲ್ಲಿ ನಾಲ್ಕು ಜನರ ಕುಟುಂಬ ವಾಸವಿದೆ, ಒಂದು ಮಗು ಮಾರ್ಚಿಯಲ್ಲಿ ಬೋರ್ಡ್ ಪರೀಕ್ಷೆ ಬರೆಯುತ್ತಿದೆ, ಆದ್ದರಿಂದ ಮಾರ್ಚಿ ಮುಗಿಯೋವರೆಗೆ ಕಾಲಾವಕಾಶ ಬೇಕು. ವಿಚಾರಣೆಗೆ ಕಾಕಾನನ್ನೂ ಕರ್ಕೊಂಡು ಹೋದ್ವಿ. ಅಧಿಕಾರಿ ನಕ್ಷೆ ನೋಡಿದ್ರು, ಒಬ್ಬ ಇಂಜಿನಿಯರನ್ನ ಕಳಿಸಿ ಅಳೆಸಿದ್ರು. ಆದೇಶ ಬಂತು: ಆಫೀಸು ಕೈಬಿಟ್ಟಿದೆ, ಪಕ್ಕದ ಕೋಣೆಯನ್ನ ಏಪ್ರಿಲ್ ಮೊದಲ ವಾರದೊಳಗೆ ಸೊಸೈಟಿಯೇ ತೆರವು ಮಾಡಬೇಕು. ಆದೇಶದಲ್ಲಿ ಕಾಕಾನ ಹೆಸರಿದೆ, ವಾಸವಿರುವವರು ಅಂತ. ಅದು ಬಂದದ್ದು ನಮ್ಮ ಉತ್ತರದಲ್ಲಿ ನಾವು ಬರೆದಿದ್ದರಿಂದ. ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಉಳಿಯೋದಿಲ್ಲ.

ಆಮೇಲಿನ ಜಗಳ ಕಾನೂನಿನದ್ದಲ್ಲ. ಬಾಡಿಗೆ ಮನೆಯ ಡಿಪಾಸಿಟ್ ಯಾರು ಕೊಡಬೇಕು? ಅವರು ಏಜೆನ್ಸಿಯ ನೌಕರರು, ನಮಗೇನು ಸಂಬಂಧ ಅಂತ ಕೆಲವರು. ಕೊನೆಗೆ ಮತಕ್ಕೆ ಹಾಕಿ ಡಿಪಾಸಿಟ್ ಸೊಸೈಟಿಯಿಂದ, ಬಾಡಿಗೆಯಲ್ಲಿ ಅರ್ಧ ಹನ್ನೊಂದು ತಿಂಗಳು ಅಂತ ಆಯ್ತು. ಕಾಕಾ ಈಗ ಎರಡು ಕಿಲೋಮೀಟರ್ ದೂರದಿಂದ ಸೈಕಲ್ಲಿನಲ್ಲಿ ಬರ್ತಾರೆ. ಹನ್ನೊಂದು ತಿಂಗಳಾದ ಮೇಲೆ ಏನು ಅನ್ನೋದನ್ನ ಯಾರೂ ನಿರ್ಧರಿಸಿಲ್ಲ. ಆ ಜಾಗದಲ್ಲಿ ಎರಡು ಕಾರು ನಿಂತಿವೆ, ನಕ್ಷೆಯಲ್ಲಿದ್ದ ಹಾಗೆಯೇ.

ಇನ್ನು, ಜಾರಿ ಆಗಬೇಕು ಅಂತ ಕೇಳುವ ಕಡೆಯಲ್ಲೂ ನಾವು ಇರ್ತೀವಿ. ನೋಯ್ಡಾದ ಅವಳಿ ಗೋಪುರ ನೆನಪಿದೆಯಲ್ಲ, 2022ರ ಆಗಸ್ಟ್ 28ರಂದು 9 ಸೆಕೆಂಡಿನಲ್ಲಿ ಕುಸಿದದ್ದು. ಎಲ್ಲರೂ ಆ ವಿಡಿಯೋ ನೋಡಿದ್ದೀವಿ. ಅದರ ಹಿಂದಿನ ಕೆಲಸ ನೋಡಿದವರು ಕಮ್ಮಿ. ಪಕ್ಕದ ಕಟ್ಟಡಗಳ ನಿವಾಸಿಗಳ ಸಂಘ 2012ರಲ್ಲಿ ಹೈಕೋರ್ಟಿಗೆ ಹೋಯ್ತು. ಅವರ ವಾದದ ತಿರುಳು ಅಳತೆಪಟ್ಟಿಯದ್ದು: ಕಟ್ಟಡಗಳ ನಡುವೆ 16 ಮೀಟರ್ ಇರಬೇಕಿತ್ತು, ಇದ್ದದ್ದು 9. ತೋಟ ಅಂತ ತೋರಿಸಿದ್ದ ಜಾಗದಲ್ಲಿ ಗೋಪುರ ಎದ್ದಿತ್ತು, ನಿವಾಸಿಗಳ ಒಪ್ಪಿಗೆ ಪಡೆದಿರಲಿಲ್ಲ. 2014ರಲ್ಲಿ ಅಲಹಾಬಾದ್ ಹೈಕೋರ್ಟು ಕೆಡವಿ ಅಂದಿತು, 2021ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು, ಫ್ಲ್ಯಾಟ್ ಕೊಂಡವರಿಗೆ ಶೇ. 12 ಬಡ್ಡಿಯೊಂದಿಗೆ ಹಣ ವಾಪಸ್ ಅಂದಿತು. ಅಷ್ಟು ವರ್ಷ ಆ ಸಂಘದ ಹಿರಿಯರು ಹಿಡಿದುಕೊಂಡಿದ್ದದ್ದೂ ನಕ್ಷೆಯನ್ನೇ.

ಊರಿನಲ್ಲಿ ಸೈಟು, ಮನೆ ಇರೋರಿಗೆ ಒಂದು ಮಾತು. ಕರ್ನಾಟಕದ ಪಾಲಿಕೆಗಳಲ್ಲಿ 1976ರ ಕಾಯ್ದೆಯ 321ನೇ ಕಲಮಿನಲ್ಲಿ ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸು, ಆಮೇಲೆ ದೃಢೀಕರಣ. ಮೊದಲನೇದಕ್ಕೆ ಉತ್ತರ ಕೊಡದೆ ಎರಡನೇದು ಬಂದಾಗ ವಕೀಲರನ್ನ ಹುಡುಕಬೇಡಿ. ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ ಅಂತ ಯಾರಾದರೂ ಭರವಸೆ ಕೊಟ್ಟರೆ, 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟು ಆ ಯೋಜನೆಗೆ ತಡೆ ಕೊಟ್ಟಿತ್ತು ಅನ್ನೋದನ್ನ ಅವರಿಗೆ ನೆನಪಿಸಿ.

ಹೊಸದಾಗಿ ಫ್ಲ್ಯಾಟ್ ಕೊಳ್ಳೋರು 2024ರ ಡಿಸೆಂಬರ್ 17ರ ಇನ್ನೊಂದು ತೀರ್ಪು ನೋಡಿ. ಮೀರತ್‌ನಲ್ಲಿ ವಾಸಕ್ಕೆ ಕೊಟ್ಟ ನಿವೇಶನದಲ್ಲಿ ಅಂಗಡಿಗಳನ್ನ ಕಟ್ಟಿದ್ದರ ಪ್ರಕರಣ. ಅದರಲ್ಲಿ ಕೋರ್ಟು ಹೇಳಿದ್ದು, ಸ್ವಾಧೀನ ಪತ್ರ, ಅಂದ್ರೆ ಓಸಿ, ನೋಡಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕು ಕೂಡ ಅದನ್ನ ಪರಿಶೀಲಿಸಿಯೇ ಸಾಲ ಕೊಡಬೇಕು.

ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ದಾರೆ. ಬಾಲ್ಕನಿ ಮುಚ್ಚಿ ರೂಮು ಮಾಡಿಕೊಂಡಿದ್ದೀವಿ, ನಮಗೂ ಬರುತ್ತಾ ಅಂತ ತಾನೇ? ಬರಬಹುದು. ಮಂಜೂರಾದ ನಕ್ಷೆಯ ಪ್ರತಿ ನಿಮ್ಮ ಹತ್ತಿರ ಇದೆಯಾ?